ಕೀಬೋರ್ಡಿನ ಮೇಲೆ ಟೀ ಚೆಲ್ಲಿತು



ಈಗ ಎಲ್ಲಿ ಹೋದರೂ ಕಂಪ್ಯೂಟರ್ ಇದೆ. ನಮ್ಮ ಪಹಣಿ ಕಂಪ್ಯೂಟರಿನಲ್ಲಿ ಬರುತ್ತದೆ. ಬ್ಯಾಂಕಿನ ಲೆಕ್ಕ ಕಂಪ್ಯೂಟರಿನಲ್ಲಿದೆ. ಸಂಘದ ಲೆಕ್ಕವನ್ನೂ ಕೆಲವು ಕಡೆ ಕಂಪ್ಯೂಟರಿನಲ್ಲೇ ಬರೆಯುತ್ತಾರೆ.

ನಮ್ಮ ಕಲಿಕಾ ಕೇಂದ್ರಕ್ಕೂ ಒಂದು ಹಳೆಯ ಕಂಪ್ಯೂಟರ್ ಬಂತು. ಬಂದ ದಿನವೇ ನಾವು ಎಲ್ಲರಿಗೂ ಹೇಳಿದೆವು: "ಹುಷಾರು! ಬಹಳ ಬೆಲೆಬಾಳುವ ವಸ್ತು. ಹಾಳು ಮಾಡಬೇಡಿ." ಹಾಗೆ ಹೆದರಿಸಿದ್ದು ತಪ್ಪು ಎಂದು ಆಮೇಲೆ ತಿಳಿಯಿತು. ಆ ಕಥೆ ಕೇಳಿ.

ನಡೆದದ್ದು ಏನು?

ಒಂದು ಸಂಜೆ ಒಬ್ಬ ಅಕ್ಕ ಕೀಬೋರ್ಡಿನಲ್ಲಿ ತಮ್ಮ ಹೆಸರು ಒತ್ತುತ್ತಿದ್ದರು. ಪಕ್ಕದಲ್ಲೇ ಟೀ ಲೋಟ ಇತ್ತು. ಮೊಣಕೈ ತಗುಲಿತು. ಅರ್ಧ ಲೋಟ ಟೀ ಕೀಬೋರ್ಡಿನ ಮೇಲೆ ಚೆಲ್ಲಿತು.

ಅಕ್ಕ ಸೆರಗಿನಿಂದ ಬೇಗ ಬೇಗ ಒರೆಸಿದರು. ಯಾರಿಗೂ ಹೇಳಲಿಲ್ಲ. ಸುಮ್ಮನೆ ಮನೆಗೆ ಹೋದರು.

ಮೂರನೆಯ ದಿನ ಕೀಬೋರ್ಡಿನ ಗುಂಡಿಗಳು ಅಂಟಿಕೊಂಡವು. ಒಂದು ಸಲ ಒತ್ತಿದರೆ ಐದು ಅಕ್ಷರ ಬೀಳುತ್ತಿತ್ತು. ಕೆಲವು ಗುಂಡಿ ಒತ್ತಿದರೆ ಏನೂ ಬೀಳುತ್ತಿರಲಿಲ್ಲ. ಆ ಅಕ್ಕ ಪಾಠಕ್ಕೆ ಬರುವುದನ್ನೇ ಬಿಟ್ಟರು. ಒಂದು ವಾರ ನೋಡಿ ನಾವು ಅವರ ಮನೆಗೆ ಹೋದೆವು.

"ನನ್ನಿಂದಲೇ ಹಾಳಾಯ್ತು ಟೀಚರ್. ಎಷ್ಟು ಸಾವಿರ ಆಗುತ್ತೋ ಏನೋ! ಮನೇಲಿ ಗೊತ್ತಾದ್ರೆ, ಓದೋಕೆ ಹೋಗಿದ್ದು ಸಾಕು ಅಂತಾರೆ."

"ಸಾವಿರ ಇಲ್ಲ ಅಕ್ಕಾ. ಹೊಸ ಕೀಬೋರ್ಡಿಗೆ ಕೆಲವು ನೂರು ರೂಪಾಯಿ. ತೊಳೆದರೆ ಹಳೆಯದೇ ಸರಿಹೋಗಬಹುದು."

"ಹಂಗಾದ್ರೆ ಇದನ್ನ ಮೊದಲೇ ಹೇಳಬಾರದಿತ್ತಾ ಟೀಚರ್?"

ಅಕ್ಕ ಕೇಳಿದ್ದು ಸರಿ. ನಾವು ಹೆದರಿಸಿದ್ದೆವು. ಚೆಲ್ಲಿದರೆ ಏನು ಮಾಡಬೇಕು ಎಂದು ಕಲಿಸಿರಲಿಲ್ಲ. ಮರುದಿನ ಎಲ್ಲರೂ ಸೇರಿ ಕಲಿತೆವು.

ಟೀ ಬಿದ್ದರೆ ಯಾಕೆ ಕೆಡುತ್ತದೆ?

ನೀರು ಮಾತ್ರ ಬಿದ್ದರೆ ತೊಂದರೆ ಕಡಿಮೆ. ಆದರೆ ಟೀಯಲ್ಲಿ ಸಕ್ಕರೆ ಇದೆ, ಹಾಲು ಇದೆ. ನೀರು ಆರಿ ಹೋಗುತ್ತದೆ. ಸಕ್ಕರೆ, ಹಾಲು ಒಳಗೇ ಉಳಿದು ಅಂಟಾಗುತ್ತವೆ. ಮಜ್ಜಿಗೆಯಲ್ಲಿ ಉಪ್ಪು ಇರುತ್ತದೆ. ಉಪ್ಪು ನೀರಿನಲ್ಲಿ ಕರೆಂಟು ಸುಲಭವಾಗಿ ಹರಿಯುತ್ತದೆ. ಹೋಗಬಾರದ ಕಡೆ ಕರೆಂಟು ಹೋದರೆ ಭಾಗ ಸುಡುತ್ತದೆ. ದಿನ ಕಳೆದರೆ ತಾಮ್ರದ ಗೆರೆಗಳು ಕಿಲುಬು ಹಿಡಿಯುತ್ತವೆ.

ಆದ್ದರಿಂದ ಮುಚ್ಚಿಟ್ಟಷ್ಟು ದಿನವೂ ನಷ್ಟ ಹೆಚ್ಚು. ಕೂಡಲೇ ಹೇಳಿದರೆ ಉಳಿಸಿಕೊಳ್ಳಬಹುದು.

ಮೊದಲ ಕೆಲಸ: ಕರೆಂಟು ತೆಗೆಯಿರಿ

ಕೀಬೋರ್ಡಿನ ಮೇಲೆ ಮಾತ್ರ ಚೆಲ್ಲಿದ್ದರೆ ಅದರ ವೈರನ್ನು ಕಂಪ್ಯೂಟರಿನಿಂದ ಎಳೆಯಿರಿ. ಆ ವೈರಿನಲ್ಲಿ ಬರುವುದು 5 ವೋಲ್ಟ್ ಮಾತ್ರ. ಅದರಿಂದ ಶಾಕ್ ಹೊಡೆಯುವುದಿಲ್ಲ.

ಕಂಪ್ಯೂಟರಿನ ದೊಡ್ಡ ಪೆಟ್ಟಿಗೆಯ ಮೇಲೆ ಚೆಲ್ಲಿದರೆ ಮಾತು ಬೇರೆ. ಗೋಡೆಯ ಸಾಕೆಟ್ಟಿನಲ್ಲಿ 230 ವೋಲ್ಟ್ ಇರುತ್ತದೆ. ಅದು ಪ್ರಾಣ ತೆಗೆಯಬಹುದು. ಒಣಗಿದ ಕೈಯಿಂದ ಗೋಡೆಯ ಸ್ವಿಚ್ ಆರಿಸಿ. ಸ್ವಿಚ್ ಅಥವಾ ನೆಲ ಒದ್ದೆಯಾಗಿದ್ದರೆ ಹತ್ತಿರ ಹೋಗಬೇಡಿ. ಮೇನ್ ಸ್ವಿಚ್ ಆರಿಸಿ.

ಇನ್ನೊಂದು ಮಾತು ನೆನಪಿಡಿ. ಯುಪಿಎಸ್ ಇದ್ದರೆ ಅದರೊಳಗೆ ಬ್ಯಾಟರಿ ಇರುತ್ತದೆ. ಗೋಡೆಯ ಸ್ವಿಚ್ ಆರಿಸಿದರೂ ಅದು ಕರೆಂಟು ಕೊಡುತ್ತಲೇ ಇರುತ್ತದೆ. ಆದ್ದರಿಂದ ಯುಪಿಎಸ್ ಗುಂಡಿಯನ್ನೂ ಆರಿಸಿ.

ಪೆಟ್ಟಿಗೆಯೊಳಗೆ ಟೀ ಹೋಗಿದ್ದರೆ ನಾವು ಬಿಚ್ಚುವುದು ಬೇಡ. ಪವರ್ ಸಪ್ಲೈ ಎಂಬ ಭಾಗದಲ್ಲಿ ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ. ಅದು ರಿಪೇರಿ ಮಾಡುವವರ ಕೆಲಸ. ಕೀಬೋರ್ಡ್ ನಮ್ಮ ಕೆಲಸ.

ಕೀಬೋರ್ಡ್ ತೊಳೆಯುವ ಕ್ರಮ

1. ವೈರ್ ಎಳೆದ ಕೂಡಲೇ ಕೀಬೋರ್ಡನ್ನು ಬೋರಲು ಹಾಕಿ. ಟೀ ಹೊರಗೆ ಸುರಿಯಲಿ. ಒಣ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಿರಿ. ಉಜ್ಜಬೇಡಿ.

2. ಗುಂಡಿಗಳು ಎಲ್ಲೆಲ್ಲಿ ಇವೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ನಮ್ಮ ಕೀಬೋರ್ಡಿನಲ್ಲಿ 104 ಗುಂಡಿಗಳಿದ್ದವು. ಬರೆಯದೆ ಕಿತ್ತರೆ ಮತ್ತೆ ಜೋಡಿಸಲು ಆಗುವುದಿಲ್ಲ.

"ಇಂಗ್ಲಿಷ್ ಅಕ್ಷರ ನಮಗೆ ಬರಲ್ವಲ್ಲ ಟೀಚರ್?" ಎಂದು ಒಬ್ಬರು ಕೇಳಿದರು.

ಟೀ ಚೆಲ್ಲಿದ ಅಕ್ಕನೇ ಉತ್ತರ ಹೇಳಿದರು. "ಹೋದ ವರ್ಷ ಅ, ಆ ಕೂಡ ಬರ್ತಿರಲಿಲ್ಲ. ನೋಡಿ ನೋಡಿ ಬರೆದೆವು. ಇದನ್ನೂ ನೋಡಿ ಬರೆದರಾಯ್ತು." ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಎಲ್ಲವನ್ನೂ ಅವರೇ ಬರೆದರು.

3. ಚಮಚದ ಹಿಡಿಯಿಂದ ಗುಂಡಿಯ ಅಂಚನ್ನು ಮೆಲ್ಲಗೆ ಮೇಲಕ್ಕೆ ಎತ್ತಿ. ಗುಂಡಿ ಬಿಟ್ಟುಕೊಳ್ಳುತ್ತದೆ. ಉದ್ದನೆಯ ಗುಂಡಿಗಳ ಕೆಳಗೆ ತಂತಿ ಇರುತ್ತದೆ. ಅವನ್ನು ಕೀಳದೆ ಬಿಡುವುದೇ ಒಳ್ಳೆಯದು.

4. ಕಿತ್ತ ಗುಂಡಿಗಳನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಹಾಕಿ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಒಳ್ಳೆಯ ನೀರಿನಲ್ಲಿ ಜಾಲಿಸಿ, ಬಟ್ಟೆಯ ಮೇಲೆ ಹರವಿ. ಇವು ಬರೀ ಪ್ಲಾಸ್ಟಿಕ್. ನೀರು ತಾಗಿದರೆ ಕೆಡುವುದಿಲ್ಲ.

5. ಗುಂಡಿಗಳ ಕೆಳಗಿನ ಭಾಗಕ್ಕೆ ನೀರು ಸುರಿಯಬೇಡಿ. ಹತ್ತಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಅದರಿಂದ ಒರೆಸಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು ಇದೇ. ಇದರಲ್ಲಿ ಉಪ್ಪಿನ ಅಂಶ ಇರುವುದಿಲ್ಲ. ಒಣಗಿದ ಸಕ್ಕರೆ ನೀರಿಗೇ ಕರಗುವುದು.

6. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಎಂಬ ಸ್ಪಿರಿಟ್ಟಿನಿಂದ ಒರೆಸಿ. ಬಾಟಲಿಯ ಮೇಲೆ 90ಕ್ಕಿಂತ ಹೆಚ್ಚು ಶೇಕಡ ಎಂದು ಇದೆಯೇ ಓದಿ ನೋಡಿ. ಇದು ಉಳಿದ ನೀರನ್ನು ಎಳೆದುಕೊಂಡು ಬೇಗ ಆರುತ್ತದೆ.

ಎಚ್ಚರಿಕೆ! ಸ್ಪಿರಿಟ್ಟಿಗೆ ಬೇಗ ಬೆಂಕಿ ಹತ್ತುತ್ತದೆ. ಹತ್ತಿರ ಒಲೆ, ದೀಪ, ಊದುಬತ್ತಿ, ಬೀಡಿ ಇರಬಾರದು. ಕಿಟಕಿ ತೆರೆದಿಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಸೀಮೆಎಣ್ಣೆ, ಪೆಟ್ರೋಲ್ ಹಾಕಲೇಬೇಡಿ.

7. ಎಲ್ಲವನ್ನೂ ನೆರಳಿನಲ್ಲಿ ಎರಡು ದಿನ ಒಣಗಿಸಿ. ಫ್ಯಾನಿನ ಗಾಳಿ ಒಳ್ಳೆಯದು. ಸುಡುಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದೂ ಬೇಡ. ಅಕ್ಕಿ ಅಂಟನ್ನು ತೆಗೆಯುವುದಿಲ್ಲ. ಧೂಳು ಬೇರೆ ಒಳಗೆ ಸೇರುತ್ತದೆ.

8. ಪೂರ್ತಿ ಒಣಗಿದ ಮೇಲೆ, ಬರೆದಿಟ್ಟ ಕಾಗದ ನೋಡಿ ಗುಂಡಿ ಜೋಡಿಸಿ. ಕೊನೆಗೆ ವೈರ್ ಸೇರಿಸಿ.

ಲ್ಯಾಪ್‌ಟಾಪ್ ಆದರೆ?

ಲ್ಯಾಪ್‌ಟಾಪಿನಲ್ಲಿ ಕೀಬೋರ್ಡಿನ ಕೆಳಗೇ ಇಡೀ ಯಂತ್ರ ಇರುತ್ತದೆ. ಅದನ್ನು ಹೀಗೆ ತೊಳೆಯಬಾರದು. ಚಾರ್ಜರ್ ಕಿತ್ತುಬಿಡಿ. ಪವರ್ ಗುಂಡಿಯನ್ನು ಆರುವ ತನಕ ಒತ್ತಿ ಹಿಡಿಯಿರಿ. ಬ್ಯಾಟರಿ ಕಳಚುವ ಹಾಗಿದ್ದರೆ ಕಳಚಿ. ತೆರೆದ ಪುಸ್ತಕವನ್ನು ಬೋರಲು ಹಾಕುವಂತೆ ಮೇಜಿನ ಮೇಲೆ ಇಡಿ. "ನಡೀತದಾ ನೋಡೋಣ" ಎಂದು ಮತ್ತೆ ಆನ್ ಮಾಡಬೇಡಿ. ಬೇಗ ರಿಪೇರಿಗೆ ಒಯ್ಯಿರಿ. ಚೆಲ್ಲಿದ್ದು ಟೀಯೋ, ಮಜ್ಜಿಗೆಯೋ ನಿಜ ಹೇಳಿ. ನಿಜ ಹೇಳಿದರೆ ಅವರಿಗೆ ಕೆಲಸ ಸುಲಭ.

ಆಮೇಲೆ ಏನಾಯಿತು?

ಎರಡು ದಿನ ಕಳೆಯಿತು. ಅಕ್ಕ ಬಂದು ತಮ್ಮ ಕೈಯಿಂದಲೇ ಗುಂಡಿ ಜೋಡಿಸಿದರು. ವೈರ್ ಹಾಕಿ, ತಮ್ಮ ಹೆಸರು ಒತ್ತಿದರು. ಹೆಸರು ಪೂರ್ತಿ ಬಂತು! ಕೆಳಗಿನ ಉದ್ದನೆಯ ಗುಂಡಿ ಮಾತ್ರ ಇವತ್ತಿಗೂ ಸ್ವಲ್ಪ ಬಿಗಿ. ಎಲ್ಲ ಸಲವೂ ಹೀಗೆ ಸರಿಹೋಗುತ್ತದೆ ಎಂದಲ್ಲ. ಸರಿಹೋಗದಿದ್ದರೆ ಕೀಬೋರ್ಡ್ ಹೊಸದು ತರಬಹುದು. ಓದು ಬಿಡಬಾರದು.

ಈಗ ನಮ್ಮ ಕೇಂದ್ರದಲ್ಲಿ ಟೀ ಲೋಟಕ್ಕೆ ಬೇರೆ ಸ್ಟೂಲ್ ಇದೆ. ಗೋಡೆಯ ಮೇಲೆ ಒಂದು ಚೀಟಿ ಇದೆ. ಅದನ್ನು ಬರೆದವರು ಆ ಅಕ್ಕನೇ. ಅದರಲ್ಲಿ ಹೀಗಿದೆ:

"ಚೆಲ್ಲಿದರೆ ಹೆದರಬೇಡಿ. ಕರೆಂಟು ತೆಗೆಯಿರಿ. ಕೂಗಿ ಹೇಳಿ."

ಪದಗಳ ಅರ್ಥ

ಬೋರಲು – ತಲೆಕೆಳಗು
ಕಿಲುಬು – ತಾಮ್ರದ ಮೇಲೆ ಹಿಡಿಯುವ ಹಸಿರು ಕೊಳೆ
ಯುಪಿಎಸ್ – ಕರೆಂಟು ಹೋದಾಗ ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆ

ಉತ್ತರ ಹೇಳಿ

1. ಟೀ ಚೆಲ್ಲಿದರೆ ಮೊದಲು ಏನು ಮಾಡಬೇಕು?
2. ಗೋಡೆಯ ಸ್ವಿಚ್ ಆರಿಸಿದರೆ ಸಾಕೇ? ಯುಪಿಎಸ್ ಏಕೆ ಆರಿಸಬೇಕು?
3. ಸ್ಪಿರಿಟ್ ಬಳಸುವಾಗ ಯಾವುದು ಹತ್ತಿರ ಇರಬಾರದು?
4. ಅಕ್ಕ ಪಾಠಕ್ಕೆ ಬರುವುದನ್ನು ಏಕೆ ಬಿಟ್ಟರು? ಅದರಲ್ಲಿ ಯಾರ ತಪ್ಪು ಎಷ್ಟು? ಕೂಡಿ ಮಾತಾಡಿ.

ಬರೆಯಿರಿ

ನಿಮ್ಮ ಕೈಯಿಂದ ಏನಾದರೂ ಕೆಟ್ಟು, ನೀವು ಹೇಳದೆ ಇದ್ದದ್ದು ಉಂಟೇ? ಐದು ಸಾಲು ಬರೆಯಿರಿ.