ಕಮಲಾದೇವಿ ಚಟ್ಟೋಪಾಧ್ಯಾಯ

ದಕ್ಷಿಣ ಕನ್ನಡದ ಮಣ್ಣು ನಾಡಿಗೆ ನೀಡಿದ ಧೀರ ಮಹಿಳೆಯರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರು ಅಗ್ರಗಣ್ಯರು. ಅವರು 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಮನೆತನವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತ ಅಧಿಕಾರಿಗಳು. ತಾಯಿ ಗಿರಿಜಾಬಾಯಿ ವಿದ್ಯಾವಂತೆ.

ಕಮಲಾದೇವಿಯವರು ಏಳು ವರ್ಷದ ಬಾಲೆಯಾಗಿದ್ದಾಗ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿಗೆ ದೊರೆಯಲಿದ್ದುದು ತಿಂಗಳ ಜೀವನಾಂಶವೊಂದೇ. ಸ್ವಾಭಿಮಾನಿಯಾದ ಆಕೆ ಅದನ್ನು ನಿರಾಕರಿಸಿ, ತನ್ನ ಸ್ತ್ರೀಧನದ ಬಲದಿಂದಲೇ ಮಗಳನ್ನು ಸಾಕಿದರು. ಹೆಣ್ಣಿಗೆ ಹಕ್ಕಿಲ್ಲದ ಮನೆ ಅವಳ ಮನೆಯಲ್ಲವೆಂಬ ಸತ್ಯ ಬಾಲೆಯ ಮನಸ್ಸಿನಲ್ಲಿ ಆಳವಾಗಿ ನಾಟಿತು.

ಎಳೆಯ ವಯಸ್ಸಿನಲ್ಲಿಯೇ ವಿವಾಹವಾಗಿ, ಎರಡು ವರ್ಷಗಳಲ್ಲಿ ವೈಧವ್ಯವೂ ಪ್ರಾಪ್ತವಾಯಿತು. ಆದರೂ ಅವರು ಧೃತಿಗೆಡದೆ ಮದರಾಸಿನಲ್ಲಿ ವ್ಯಾಸಂಗ ಮುಂದುವರಿಸಿದರು; ಸಂಪ್ರದಾಯಸ್ಥರ ವಿರೋಧವನ್ನು ಲೆಕ್ಕಿಸದೆ ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವರಿಸಿದರು. 1926ರಲ್ಲಿ ಮದರಾಸು ಶಾಸನ ಪರಿಷತ್ತಿನ ಚುನಾವಣೆಗೆ ನಿಂತು ಅತ್ಯಲ್ಪ ಮತಗಳಿಂದ ಸೋತರು. ಭಾರತದಲ್ಲಿ ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಅವರೇ.

1930ರಲ್ಲಿ ಗಾಂಧೀಜಿಯವರು ದಂಡಿಗೆ ಹೊರಟಾಗ ಅವರೊಡನೆ ಹೊರಟ 78 ಮಂದಿ ಸತ್ಯಾಗ್ರಹಿಗಳಲ್ಲಿ ಒಬ್ಬ ಹೆಣ್ಣೂ ಇರಲಿಲ್ಲ. ಉಪ್ಪು ಪ್ರತಿಯೊಂದು ಅಡಿಗೆಮನೆಯ ವಸ್ತು. ಹೀಗಿರುವಾಗ ಉಪ್ಪಿನ ಹೋರಾಟದಿಂದ ಹೆಂಗಸರನ್ನು ದೂರವಿಡುವುದು ನ್ಯಾಯವೇ? ಕಮಲಾದೇವಿಯವರು ಗಾಂಧೀಜಿಯವರನ್ನು ಕಂಡು ವಾದಿಸಿ ಒಪ್ಪಿಸಿದರು. ಮುಂಬಯಿಯ ಕಡಲತಡಿಯಲ್ಲಿ ಅವಂತಿಕಾಬಾಯಿ ಗೋಖಲೆಯವರೊಡನೆ ಉಪ್ಪಿನ ಕಾಯಿದೆಯನ್ನು ಮುರಿದರು. ಷೇರುಪೇಟೆಗೇ ನುಗ್ಗಿ ಉಪ್ಪಿನ ಪೊಟ್ಟಣಗಳನ್ನು ಮಾರಿ ಸೆರೆಮನೆ ಸೇರಿದರು.

ಸ್ವರಾಜ್ಯ ಬಂದರೆ ಸಾಲದು, ದುಡಿಯುವವರಿಗೆ ನ್ಯಾಯ ದೊರೆಯಬೇಕೆಂಬುದು ಅವರ ನಿಲುವು. 1936ರಲ್ಲಿ ಮೀರತ್ತಿನಲ್ಲಿ ನಡೆದ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧಿವೇಶನಕ್ಕೆ ಅವರೇ ಅಧ್ಯಕ್ಷೆ. ಹೆಣ್ಣಿನ ಮನೆಗೆಲಸವೂ ದುಡಿಮೆಯೇ ಎಂದು ಅವರು ಸಾರಿದರು. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ವಿದೇಶದಲ್ಲಿದ್ದ ಅವರು ಅಮೆರಿಕ, ಜಪಾನ್, ಚೀನಾಗಳಲ್ಲಿ ಸಂಚರಿಸಿ, ಕಂಡುದನ್ನು ಗ್ರಂಥಗಳಾಗಿ ಬರೆದರು.

ಸ್ವಾತಂತ್ರ್ಯಾನಂತರ ಅವರು ಅಧಿಕಾರಕ್ಕೆ ಆಸೆಪಡಲಿಲ್ಲ. ನಿರಾಶ್ರಿತರಿಗೆ ಫರೀದಾಬಾದಿನಲ್ಲಿ ನೆಲೆ ಕಲ್ಪಿಸಲು ಶ್ರಮಿಸಿದರು. ನಶಿಸುತ್ತಿದ್ದ ಕರಕುಶಲ ಕಲೆಗಳಿಗೆ ಮರುಜೀವ ನೀಡಿದರು. 1988ರ ಅಕ್ಟೋಬರ್ 29ರಂದು ನಿಧನ ಹೊಂದಿದರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು ದೇಶದ ಹಿಂದೂ ಉತ್ತರಾಧಿಕಾರ ಕಾನೂನು ನೀಡಿದ್ದು 2005ರಲ್ಲಿ. ಮಂಗಳೂರಿನ ಆ ಬಾಲೆ ಮನೆ ಕಳೆದುಕೊಂಡು ಆಗ ತೊಂಬತ್ತಕ್ಕೂ ಹೆಚ್ಚು ವರ್ಷಗಳು ಸಂದಿದ್ದವು.

ಪ್ರಶ್ನೆಗಳು
1. ಗಿರಿಜಾಬಾಯಿಯವರು ಜೀವನಾಂಶವನ್ನು ಏಕೆ ನಿರಾಕರಿಸಿದರು?
2. ಉಪ್ಪಿನ ಸತ್ಯಾಗ್ರಹದಲ್ಲಿ ಕಮಲಾದೇವಿಯವರ ಪಾತ್ರವನ್ನು ವಿವರಿಸಿ.
3. ‘ಹೆಣ್ಣಿನ ಮನೆಗೆಲಸವೂ ದುಡಿಮೆಯೇ’ – ಈ ಮಾತನ್ನು ಕುರಿತು ನಿಮ್ಮ ಅಭಿಪ್ರಾಯವೇನು?