ಶೇಕಡಾ ಐದು ಸರಿ, ಯಾವುದರ ಮೇಲೆ?

ಬೆಂಗಳೂರಿನ ಸಿಂಗಾಪುರ, ವಿದ್ಯಾರಣ್ಯಪುರದ ಕಡೆ ಬಾಡಿಗೆ ಮನೆಯಲ್ಲಿರುವವರಿಗೆ ಹನ್ನೊಂದು ತಿಂಗಳ ಕರಾರು ಪತ್ರ ಹೊಸದಲ್ಲ. ಅವಧಿ ಮುಗಿದಾಗ ಬಾಡಿಗೆ ಶೇಕಡಾ ಇಷ್ಟು ಹೆಚ್ಚು ಎಂಬ ಸಾಲೂ ಅದರಲ್ಲಿ ಇರುವುದುಂಟು. ಎಂಟನೇ ತರಗತಿಯ ಚಕ್ರಬಡ್ಡಿಯಿಂದ ಪಿಯುಸಿವರೆಗೆ ಮಕ್ಕಳನ್ನು ಕಾಡುವ ಘಾತೀಯ ಏರಿಕೆ-ಇಳಿಕೆಯ ಲೆಕ್ಕ ಆ ಒಂದು ಸಾಲಿನಲ್ಲೇ ಇದೆ. ಪಠ್ಯಪುಸ್ತಕಕ್ಕಿಂತ ಮೊದಲು ಅದನ್ನೇ ಮಗುವಿನ ಮುಂದಿಡಿ.

ಬಾಡಿಗೆ 20,000 ರೂಪಾಯಿ, ಪ್ರತಿ ನವೀಕರಣಕ್ಕೆ ಶೇ 5 ಏರಿಕೆ ಎನ್ನಿ. ಮೂರು ನವೀಕರಣದ ನಂತರ ಎಷ್ಟು? ಬಹಳಷ್ಟು ಮಕ್ಕಳು ಸಾವಿರದಂತೆ ಮೂರು ಸಲ ಕೂಡಿಸಿ 23,000 ಎನ್ನುತ್ತಾರೆ. ತಕ್ಷಣ ತಪ್ಪು ಎನ್ನಬೇಡಿ, ಸೂತ್ರವನ್ನೂ ಹೇಳಬೇಡಿ. ‘ಎರಡನೇ ಸಲದ ಶೇ 5 ಯಾವ ಮೊತ್ತದ ಮೇಲೆ?’ ಎಂದಷ್ಟೇ ಕೇಳಿ. 21,000ದ ಮೇಲೆ ಎಂದು ಹೊಳೆದರೆ ಮಿಕ್ಕಿದ್ದನ್ನು ಮಗುವೇ ಬರೆದುಕೊಳ್ಳುತ್ತದೆ: 21,000, 22,050, 23,152.50. ಪ್ರತಿ ಸಲವೂ ಹಿಂದಿನ ಮೊತ್ತವನ್ನು 1.05ರಿಂದ ಗುಣಿಸುತ್ತಿದ್ದೇವೆ ಎಂಬುದು ಕಂಡ ಮೇಲೆ ಘಾತಾಂಕ ತಾನಾಗಿ ಬರುತ್ತದೆ. ಸೂತ್ರವನ್ನೇ ಮೊದಲು ಬಾಯಿಪಾಠ ಮಾಡಿಸುವ ಟ್ಯೂಷನ್ ಪದ್ಧತಿ ನನಗೆ ಹಿಡಿಸದು. ಪ್ರಶ್ನೆಯ ಮಾತು ಚೂರು ಬದಲಾದರೆ ಆ ಮಕ್ಕಳು ಪೆನ್ನು ಕೆಳಗಿಡುತ್ತಾರೆ.

ಇದಕ್ಕಿಂತ ಹೆಚ್ಚು ಜಾರಿಸುವ ಪ್ರಶ್ನೆ ಜನಸಂಖ್ಯೆಯದು. ಬೆಂಗಳೂರು ನಗರ ಜಿಲ್ಲೆಯಲ್ಲಿ 2001ರ ಜನಗಣತಿಯಂತೆ 65.37 ಲಕ್ಷ ಜನ, 2011ರಲ್ಲಿ 96.21 ಲಕ್ಷ. ಹತ್ತು ವರ್ಷದಲ್ಲಿ ಸುಮಾರು ಶೇ 47 ಏರಿಕೆ. ಹಾಗಾದರೆ ವರ್ಷಕ್ಕೆ ಎಷ್ಟು? ಹತ್ತರಿಂದ ಭಾಗಿಸಿ 4.7 ಎನ್ನಲು ದೊಡ್ಡವರೂ ಹಿಂದೆ ಮುಂದೆ ನೋಡುವುದಿಲ್ಲ. ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ 65.37ನ್ನು 1.047ರಿಂದ ಹತ್ತು ಸಲ ಗುಣಿಸಲು ಹೇಳಿ. 103 ಲಕ್ಷ ದಾಟುತ್ತದೆ, ಅಂದರೆ ಇಲ್ಲದ ಏಳು ಲಕ್ಷ ಜನ ಹುಟ್ಟಿಕೊಂಡರು! ಶೇ 4 ಇಟ್ಟು ನೋಡಿದರೆ 96.8, ಶೇ 3.9 ಇಟ್ಟರೆ 95.8. ಉತ್ತರ ಇವೆರಡರ ನಡುವೆ ಇದೆ. ಲಾಗರಿದಮ್ ಇನ್ನೂ ಕಲಿಯದ ಮಗು ಹೀಗೆ ತಡಕಾಡಿ ಹಿಡಿಯುವುದನ್ನು ನಾನು ಅಡ್ಡದಾರಿ ಎನ್ನಲಾರೆ. ಅಂದಹಾಗೆ, ಇದೇ ದರವನ್ನು ಐವತ್ತು ವರ್ಷ ಎಳೆದರೆ ಏನಾಗುತ್ತದೆ ಎಂದೂ ಕೇಳಿ. 65 ಲಕ್ಷ ನಾಲ್ಕೂವರೆ ಕೋಟಿ ದಾಟುತ್ತದೆ. ಅಷ್ಟು ಜನಕ್ಕೆ ಜಾಗವೆಲ್ಲಿ, ನೀರೆಲ್ಲಿ? ಒಂದೇ ದರ ಎಂದೆಂದಿಗೂ ನಡೆಯುತ್ತದೆ ಎಂಬುದು ಪ್ರಶ್ನೆಪತ್ರಿಕೆಯ ಊಹೆ, ಊರಿನ ಸ್ವಭಾವವಲ್ಲ.

ಇಳಿಕೆಯಲ್ಲಿ ಗುಣಿಸುವ ಸಂಖ್ಯೆ ಒಂದಕ್ಕಿಂತ ಕಡಿಮೆ, ಅಷ್ಟೇ ವ್ಯತ್ಯಾಸ. 80,000 ರೂಪಾಯಿಯ ಸ್ಕೂಟರಿನ ಬೆಲೆ ವರ್ಷಕ್ಕೆ ಶೇ 15 ಕುಸಿದರೆ 0.85ರಿಂದ ಗುಣಿಸಬೇಕು, 0.15ರಿಂದ ಗುಣಿಸಿದವರಿಗೆ ಕಳೆದುಹೋದ ಬೆಲೆ ಸಿಗುತ್ತದೆ, ಉಳಿದದ್ದಲ್ಲ. ಪ್ರಶ್ನೆ ಎರಡರಲ್ಲಿ ಯಾವುದನ್ನು ಕೇಳಿದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಸಿ.

ಅರ್ಧಾಯುವಿನ ಪ್ರಶ್ನೆಯಲ್ಲಿ ಇನ್ನೊಂದು ಗುಂಡಿ ಇದೆ. ಥೈರಾಯ್ಡ್ ಚಿಕಿತ್ಸೆಗೆ ಬಳಸುವ ಅಯೋಡಿನ್-131ರ ಅರ್ಧಾಯು ಸುಮಾರು 8 ದಿನ. ಎಂಟು ದಿನಕ್ಕೆ ಅರ್ಧ ಹೋದರೆ ಹದಿನಾರಕ್ಕೆ ಎಲ್ಲವೂ ಖಾಲಿ ಎನ್ನುತ್ತಾರೆ ಮಕ್ಕಳು. ಇಲ್ಲೂ ಅದೇ ಪ್ರಶ್ನೆ ಹಾಕಿ: ಅರ್ಧ, ಯಾವುದರ ಅರ್ಧ? ಹದಿನಾರನೇ ದಿನ ಕಾಲು ಭಾಗ, ಇಪ್ಪತ್ನಾಲ್ಕಕ್ಕೆ ಎಂಟನೇ ಒಂದು ಭಾಗ ಇನ್ನೂ ಇದೆ. ನಲವತ್ತನೇ ದಿನಕ್ಕೆ ಎಷ್ಟು ಉಳಿದಿರುತ್ತದೆ ಎಂಬುದನ್ನು ಮಗುವೇ ಕಾಗದದ ಮೇಲೆ ಬರೆಯಲಿ. ನೀವು ಬಾಯಿ ಹಾಕದೆ ಕಾಯಿರಿ. ಐದು ಸಲ ಅರ್ಧ ಮಾಡಿದರೆ ಮೂವತ್ತೆರಡನೇ ಒಂದು ಭಾಗ ಸಿಗುತ್ತದೆ.