ಮೀಸಲಾತಿ: ನಾನು ಓದಿ ತಿಳಿದದ್ದು

ಹಾಸ್ಟೆಲಿನ ಮೆಸ್ಸಿನಲ್ಲಿ ಊಟಕ್ಕೆ ಕೂತಾಗ ಮಾತಿಗೆ ಮಾತು ಬೆಳೆದು, ಗೆಳೆಯನೊಬ್ಬನಿಗೆ "ನಿಂಗೇನಪ್ಪಾ, ಕೋಟಾ ಇದೆ" ಅಂದುಬಿಟ್ಟೆ. ಅವನು ಮರುಮಾತಾಡದೆ ಎದ್ದು ಹೋದ. ಎರಡು ವಾರ ನಮ್ಮ ಸಂಘದ ಸಭೆಗೂ ಬರಲಿಲ್ಲ. ನನಗೆ ಈ ವಿಷಯದಲ್ಲಿ ನಿಜವಾಗಿ ಗೊತ್ತಿರುವುದೇನು ಅಂತ ಕೇಳಿಕೊಂಡು ಲೈಬ್ರರಿಗೆ ಹೋಗಿ ಕೂತೆ.

ಮೀಸಲಾತಿ ಸ್ವಾತಂತ್ರ್ಯ ಬಂದ ಮೇಲೆ ಹುಟ್ಟಿದ್ದು ಅಂತ ತಿಳಿದಿದ್ದೆ. ತಪ್ಪು. ಕೊಲ್ಲಾಪುರದ ಶಾಹು ಮಹಾರಾಜರು 1902ರಲ್ಲೇ ಸಂಸ್ಥಾನದಲ್ಲಿ ಖಾಲಿಯಾಗುವ ನೌಕರಿಗಳ ಅರ್ಧದಷ್ಟನ್ನು ಹಿಂದುಳಿದವರಿಗೆ ಕಾದಿರಿಸಿದರು. ನೌಕರಿಗಳಲ್ಲಿ ಹಿಂದುಳಿದವರ ಪಾಲು ಹೆಚ್ಚಿಸುವುದು ಹೇಗೆಂದು ಪರಿಶೀಲಿಸಲು ಮೈಸೂರಿನಲ್ಲಿ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದರು.

ಇನ್ನು ಕಾಲೇಜು ಸೀಟಿನ ವಿಷಯ. ನಾವು ಓದುತ್ತಿರುವ ಈ ಚೆನ್ನೈಯಲ್ಲೇ ಮೆಡಿಕಲ್, ಇಂಜಿನಿಯರಿಂಗ್ ಸೀಟುಗಳನ್ನು ಕಮ್ಯೂನಲ್ ಜಿ.ಓ. ಪ್ರಕಾರ ಹದಿನಾಲ್ಕು ಹದಿನಾಲ್ಕಾಗಿ ಎಣಿಸಿ ಜಾತಿ, ಮತಗಳಿಗೆ ಹಂಚುತ್ತಿದ್ದರು. 1951ರಲ್ಲಿ ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಅದೇ ವರ್ಷ ಪಾರ್ಲಿಮೆಂಟು ಸಂವಿಧಾನಕ್ಕೆ ಮೊದಲನೆಯ ತಿದ್ದುಪಡಿ ತಂದು 15(4)ನೆಯ ವಿಧಿ ಸೇರಿಸಿತು. ಹಿಂದುಳಿದ ವರ್ಗಗಳಿಗೂ ಪರಿಶಿಷ್ಟರಿಗೂ ವಿಶೇಷ ಏರ್ಪಾಡು ಮಾಡಲು ಸರ್ಕಾರಗಳಿಗೆ ಅಧಿಕಾರ ಬಂತು.

ಮುಂದಿನ ಮೊಕದ್ದಮೆ ನಮ್ಮ ನಾಡಿನದೇ. 1962ರ ಜುಲೈನಲ್ಲಿ ಮೈಸೂರು ಸರ್ಕಾರ ಈ ಕಾಲೇಜುಗಳಲ್ಲಿ ಹಿಂದುಳಿದವರಿಗೆ ಶೇಕಡಾ 50, ಪರಿಶಿಷ್ಟ ಜಾತಿಗೆ 15, ಪಂಗಡಕ್ಕೆ 3, ಒಟ್ಟು 68 ಸೀಟು ಕಾದಿರಿಸಿತು. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದು ಮಾಡಿ, ಜಾತಿಯೊಂದೇ ಅಳತೆಯಾಗಕೂಡದು, ಮೀಸಲಾತಿ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಬೇಕು ಅಂದಿತು. 1992ರ ಮಂಡಲ್ ತೀರ್ಪು ಐವತ್ತರ ಮಿತಿಯನ್ನು ಗಟ್ಟಿ ಮಾಡಿತು. ತಮಿಳುನಾಡು ಮಾತ್ರ 69ನ್ನು ಕಾನೂನು ಮಾಡಿ, 1994ರ ತಿದ್ದುಪಡಿಯಿಂದ ಸಂವಿಧಾನದ ಒಂಬತ್ತನೆಯ ಷೆಡ್ಯೂಲಿಗೆ ಸೇರಿಸಿಕೊಂಡಿತು. 2019ರಲ್ಲಿ ಬೇರೆ ಮೀಸಲಾತಿ ಇಲ್ಲದ ಬಡವರಿಗೂ ಶೇಕಡಾ 10ರವರೆಗೆ ಬಂತು. 2022ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿತು.

ಇಷ್ಟು ಓದಿದ ಮೇಲೂ "ಹಾಗಾದ್ರೆ ಮೆರಿಟ್ಟು?" ಅನ್ನೋ ಪ್ರಶ್ನೆ ಉಳಿಯಿತು. ನನ್ನ ಲೆಕ್ಕವನ್ನೇ ಹಾಕಿಕೊಂಡೆ. ಅಪ್ಪನಿಗೆ ಬ್ಯಾಂಕಿನ ಕೆಲಸ, ಮನೆತುಂಬ ಪುಸ್ತಕ, ಎಂಟನೇ ಕ್ಲಾಸಿನಿಂದ ಟ್ಯೂಷನ್. ಗೆಳೆಯ ಚಾಮರಾಜನಗರದ ಕಡೆಯವನು. ಅವನ ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವನು ಅವನೇ ಮೊದಲು; ಊರಿನ ಹೈಸ್ಕೂಲಿನಲ್ಲಿ ಎರಡು ವರ್ಷ ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ. ನನ್ನ ಅಂಕಗಳಲ್ಲಿ ನನ್ನ ಬುದ್ಧಿಯದೆಷ್ಟು, ಅಪ್ಪನ ಸಂಬಳದ್ದೆಷ್ಟು? ಕಾಲೇಜಿಗೆ ಸೇರುವಾಗ ಕಟಾಫ್ ಬೇರೆ ಇದ್ದಿರಬಹುದು. ಡಿಗ್ರಿ ಪಾಸಾಗಲು ಅವನಿಗೂ ನನಗೂ ಬೇಕಾದ ಅಂಕ ಒಂದೇ.

ಮೀಸಲಾತಿಯ ಒಳಗೂ ಪ್ರಶ್ನೆಗಳಿವೆ. ಹಿಂದುಳಿದವರಲ್ಲೇ ಮುಂದುವರಿದವರನ್ನು, ಅಂದರೆ ಕೆನೆಪದರವನ್ನು, ಹೊರಗಿಡಬೇಕೆಂದು 1992ರಲ್ಲಿ ತೀರ್ಪಾಯಿತು. ಪರಿಶಿಷ್ಟ ಜಾತಿಗಳಲ್ಲಿ ಒಳಮೀಸಲಾತಿ ಮಾಡಬಹುದೆಂದು 2024ರಲ್ಲಿ ಆಯಿತು. ಪಾಲು ನಿಜವಾಗಿ ಯಾರಿಗೆ ಮುಟ್ಟುತ್ತಿದೆ ಅಂತ ಕೇಳೋದು ನ್ಯಾಯವೇ. ಆದರೆ ಪಕ್ಕದಲ್ಲಿ ಊಟಕ್ಕೆ ಕೂತವನನ್ನು ಹಂಗಿಸಲು ಅದನ್ನು ನೆಪ ಮಾಡಿಕೊಳ್ಳಬಾರದು.

ಗೆಳೆಯನ ರೂಮಿಗೆ ಹೋಗಿ, "ತಪ್ಪಾಯ್ತು ಕಣೋ" ಅಂದೆ. ಓದಿದ್ದನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನಂಗ್ಯಾಕೋ ಇದೆಲ್ಲ? ಮೆಸ್ಸಲ್ಲಿ ಅವತ್ತು ನಕ್ಕರಲ್ಲ, ಅವರಿಗೆ ಹೇಳು" ಅಂದ.

ಅದಕ್ಕೇ ಇಲ್ಲಿ ಬರೆದಿದ್ದೇನೆ.